ನಕ್ಕಲ್ಲೆಲ್ಲ ಹಳದಿ

ಇವತ್ತು ಬೆಳಿಗ್ಗೆ ಮಗ ಅಂಗಳದಲ್ಲಿ ಡಿಎಪಿ ಚೀಲದ ಬಾಯಿ ಬಿಚ್ಚಿದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ನಾಚಿಕೆ ಬಂತು. ನಗಬೇಡಿ, ಗೊಬ್ಬರದ ವಾಸನೆಗೆ ನಾಚುವವಳು ಇಡೀ ಹಡಗಲಿ ಸೀಮೆಗೆ ನಾನೊಬ್ಬಳೇ ಇರಬೇಕು.

ಎಪ್ಪತ್ತರ ದಶಕದ ಕೊನೆ. ನಾನು ಮದುವೆಯಾಗಿ ಮಾಗಳಕ್ಕೆ ಬಂದು ಎರಡು ತಿಂಗಳಾಗಿತ್ತು. ಹನ್ನೆರಡು ಜನರ ಮನೆ. ಹಗಲು ಗಂಡನ ಜೊತೆ ನಾಲ್ಕು ಮಾತಾಡಿದರೆ ಹತ್ತು ಕೆಮ್ಮು ಕೇಳಿಸುತ್ತಿದ್ದವು. ಆ ಮುಂಗಾರಿನ ಬಿತ್ತನೆಗೆ ಎರಡು ಬಟ್ಟಲಿನ ಹೊಸ ಕೂರಿಗೆ ಬಂತು. ಒಂದಕ್ಕೆ ಜೋಳದ ಬೀಜ, ಇನ್ನೊಂದಕ್ಕೆ ಗೊಬ್ಬರ. ಬೀಜದಿಂದ ಎರಡು ಬೆರಳು ಪಕ್ಕಕ್ಕೆ, ಎರಡು ಬೆರಳು ಕೆಳಕ್ಕೆ ಗೊಬ್ಬರ ಬೀಳಬೇಕು.

"ಬೀಜಕ್ಕ ತಾಗಿದ್ರ ಸುಡತೈತಿ, ದೂರಾದ್ರ ಸಿಗಂಗಿಲ್ಲ" ಎಂದರು ಅತ್ತೆ. ಈ ಮನೆಯಲ್ಲಿ ಗಂಡ ಹೆಂಡತಿಗೂ ಇದೇ ಕಾನೂನು ಎಂದುಕೊಂಡೆ.

ಎತ್ತು ಹೊಡೆಯುವವರು ನನ್ನವರು, ಕೂರಿಗೆಯ ಹಿಂದೆ ನಡೆಯುತ್ತ ಬಟ್ಟಲಿಗೆ ಬೀಜ ಬಿಡುವವಳು ಕಿವಿ ಕೇಳದ ದೊಡ್ಡತ್ತೆ, ಗೊಬ್ಬರ ಬಿಡುವವಳು ನಾನು. ದೇವರು ಕಣ್ಣು ಬಿಟ್ಟಿದ್ದ! "ಗೊಬ್ಬರ ತಪ್ಪಿಸಿದಿ ಅಂದ್ರ ಬಟ್ಟಲ ನಿನ್ನ ನೆಗೆಣ್ಣಿಗೆ ಕೊಡತೀನಿ ನೋಡು" ಎಂದು ಅತ್ತೆ ಮೊದಲೇ ಹೇಳಿದ್ದರು.

ನನ್ನವರು ಬಲು ಗಂಭೀರ ಎಂದು ತಿಳಿದಿದ್ದೆ. ಹೊಲಕ್ಕಿಳಿದರೆ ಮನುಷ್ಯನೇ ಬೇರೆ! ನಮ್ಮ ಸೋದರಮಾವ ಮದುವೆಯಲ್ಲಿ ಉಂಡದ್ದು, ಉಂಡು ಏಳಲಾರದೆ ಕೂತದ್ದು, ಎಲ್ಲವನ್ನೂ ಅಣಕಿಸಿದರು. ನಗು ಬಂದರೆ ನನ್ನ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಇನ್ನೊಂದು ಕೈ ಗೊಬ್ಬರದ ಉಡಿ ಹಿಡಿದಿತ್ತು. ಬಟ್ಟಲಿಗೆ ಬಿಡಲು ಮೂರನೆಯ ಕೈ ಎಲ್ಲಿಂದ ತರಲಿ?

ಇಪ್ಪತ್ತು ದಿನಕ್ಕೆ ಹೊಲವೇ ಚಾಡಿ ಹೇಳಿತು. ಕಡುಹಸಿರು ಜೋಳದ ನಡುನಡುವೆ ಗಿಡ್ಡನೆಯ ಹಳದಿ ಪಟ್ಟಿಗಳು! ಅತ್ತೆ ನನ್ನೊಬ್ಬಳನ್ನೇ ಬದುವಿಗೆ ಕರೆದೊಯ್ದರು. ಬಟ್ಟಲು ಹೋದರೆ ಆ ಮಾತೂ ಹೋಯಿತು, ನಗುವೂ ಹೋಯಿತು ಎಂದುಕೊಳ್ಳುತ್ತ ಹಿಂದೆ ನಡೆದೆ.

"ಇಲ್ಲೇನ ಮಾತಾಡಿದ್ರಿ?"

"ಸೋದರಮಾವ ಉಂಡದ್ದರಿ."

"ಅಲ್ಲಿ?"

"ಅವರನ್ನ ಎಬ್ಬಿಸಿದ್ದರಿ."

ಅತ್ತೆ ಎಲ್ಲಕ್ಕಿಂತ ಉದ್ದನೆಯ ಪಟ್ಟಿ ತೋರಿಸಿದರು. ನಾನು ತಲೆ ತಗ್ಗಿಸಿದೆ. ಅಲ್ಲಿ ನನ್ನವರು ಮೊದಲ ಸಲ ನನ್ನನ್ನು ಹೆಸರು ಹಿಡಿದು ಕರೆದಿದ್ದರು.

ಅತ್ತೆ ಸುತ್ತ ನೋಡಿ ದನಿ ಇಳಿಸಿದರು. "ನಿಮ್ಮದು ಎಷ್ಟೋ ವಾಸಿ ಬಿಡು. ನಮ್ಮ ಕಾಲಕ್ಕ ಗೊಬ್ಬರದ ಬಟ್ಟಲ ಎಲ್ಲಿತ್ತು? ನಾ ಬಿಡತಿದ್ದದ್ದು ಬೀಜ. ನಿಮ್ಮ ಮಾವ ಬಾಯಿ ತಗದ್ರ ಹೊಲಾನ ಬೋಳು!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮಾವನ ಕಣ್ಣಿಗೆ ಬೀಳುವ ಮೊದಲೇ ಆ ಪಟ್ಟಿಗಳಿಗೆ ಯೂರಿಯಾ ಎರಚಿ ಬಂದೆವು. ಬಟ್ಟಲು ನನ್ನ ಕೈಯಲ್ಲೇ ಉಳಿಯಿತು.

ಈಗ ಟ್ರ್ಯಾಕ್ಟರ್ ಕೂರಿಗೆ. "ಒಂದ ಕಾಳೂ ತಪ್ಪಂಗಿಲ್ಲ ಯವ್ವಾ" ಎಂದ ಮಗ. ಇರಬಹುದು ಎನ್ನುತ್ತ ಚೀಲದಿಂದ ಒಂದು ಮುಷ್ಟಿ ತೆಗೆದೆ. ಜಗಲಿಯ ಮೇಲಿದ್ದ ನನ್ನವರಿಗೂ ಘಾಟು ತಟ್ಟಿತೋ ಏನೋ, ಮಗ ಸೊಸೆಯ ಎದುರಿಗೇ ನನ್ನ ಹೆಸರು ಹಿಡಿದು ಕರೆದುಬಿಟ್ಟರು. ಕೈ ತಾನಾಗಿ ಬಾಯಿಗೆ ಹೋಯಿತು.

"ಯವ್ವಾ, ಗೊಬ್ಬರ!" ಎಂದು ಮಗ ಕೂಗುವಷ್ಟರಲ್ಲಿ ಅಂಗಳದ ತುಂಬ ಚೆಲ್ಲಿತ್ತು. ಚೆಲ್ಲಲಿ ಬಿಡಿ, ನಾವು ನಕ್ಕಲ್ಲಿ ಒಂದು ಸಲವಾದರೂ ಹಸಿರಾಗಲಿ.