ವಾಪಸು ಕೊಡಬೇಕಿಲ್ಲದ ಬುಗುರಿ

ಮೈಸೂರಿನ ಸರಸ್ವತಿಪುರಂನಲ್ಲಿ ಹುಟ್ಟಿ ಬೆಳೆದ ವಸುಧಾಗೆ ಈಗ ನಲವತ್ತಾರು. ಮನೆ ಕಡಲಾಚೆ, ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ. ಗಂಡ ತಿರುಮಲೇಶ ಮೌಂಟನ್ ವ್ಯೂನ ಆಫೀಸಿಗೆ ಹೊರಟ ಮೇಲೆ ಅವಳು ಹಸಿರು ವ್ಯಾನು ತೆಗೆಯುತ್ತಾಳೆ. ಅದರ ತುಂಬ ಚಿತ್ರದ ಪುಸ್ತಕ, ಆಟದ ಸಾಮಾನು. ಸಣ್ಣ ಸೇವಾಸಂಸ್ಥೆಯೊಂದರ ಪರವಾಗಿ ಅವನ್ನು ಪುಟ್ಟ ಮಕ್ಕಳಿರುವ ಮನೆಗಳಿಗೆ ಎರಡು ವಾರದ ಮಟ್ಟಿಗೆ ಕೊಟ್ಟುಬರುವುದು ಅವಳ ಕೆಲಸ. ಮೂರು ತಿಂಗಳಿಗೊಮ್ಮೆ ಫಾರಂ ತುಂಬಬೇಕು: ಮನೆಯಲ್ಲಿ ಮಕ್ಕಳ ಪುಸ್ತಕ ಎಷ್ಟು, ಆಟದ ಸಾಮಾನು ಎಷ್ಟು.

ಫ್ರೀವೇ ಪಕ್ಕದ ಒಂದು ಅಪಾರ್ಟ್‌ಮೆಂಟಿನಲ್ಲಿ ಎರಡಕ್ಕೂ ಸೊನ್ನೆ. ಅಲ್ಲಿದ್ದದ್ದು ರೊಮೇನಿಯಾದಿಂದ ಬಂದ, ಜನ ಜಿಪ್ಸಿಗಳೆಂದು ಹೀಗಳೆಯುವ ರೋಮಾ ಜನಾಂಗದ ಕುಟುಂಬ. ಮಗಳು ಹೋಟೆಲಿನ ಕೋಣೆಗಳನ್ನು ಶುಚಿಮಾಡಲು ಹೋದರೆ ನಾಲ್ಕು ವರ್ಷದ ಮೊಮ್ಮಗಳು ಮಿರೆಲಾಳನ್ನು ಅಜ್ಜಿ ರಾಡಾ ನೋಡಿಕೊಳ್ಳುತ್ತಿದ್ದಳು. ಮಿರೆಲಾ ಮರದ ಸೌಟಿಗೆ ಕರವಸ್ತ್ರ ಸುತ್ತಿ ಗೊಂಬೆ ಅನ್ನುತ್ತಿದ್ದಳು. ಫಾರಂನಲ್ಲಿ ಸೌಟಿಗೆ ಜಾಗವಿರಲಿಲ್ಲ.

ವ್ಯಾನಿನ ಪುಸ್ತಕಗಳನ್ನು ರಾಡಾ ಮುಟ್ಟುತ್ತಿರಲಿಲ್ಲ. ತನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಹೇಳಿದಳು: "ಒಂದು ಕಳೆದುಹೋದ್ರೆ, ಕಳೀತು ಅಂತ ಯಾರೂ ಬರ್ಕೊಳ್ಳಲ್ಲ ಮಗಳೇ. ರೋಮಾದವರು ಕದ್ರು ಅಂತ ಬರ್ಕೊಳ್ತಾರೆ."

ಮುಂದಿನ ವಾರ ವಸುಧಾ ತನ್ನ ಮನೆಯ ಕ್ಲಾಸೆಟ್ಟಿನಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿದಳು. ಏಳು ವರ್ಷದಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ಹತ್ತು ಪುಸ್ತಕ, ಒಂದು ಮೆತ್ತನೆಯ ಆನೆ, ಚನ್ನಪಟ್ಟಣದ ಕೆಂಪು ಅರಗಿನ ಬುಗುರಿ. ಬುಗುರಿಯ ತಲೆಯ ಮೇಲೆ ಹಾಲುಹಲ್ಲಿನ ಗುರುತು.

"ಇದು ವ್ಯಾನಿಂದಲ್ಲ. ವಾಪಸು ಕೊಡಬೇಕಾಗಿಲ್ಲ," ಎಂದಳು.

"ಯಾರದ್ದು?"

"ನನ್ನ ಮಗಳದ್ದು. ನಿಸರ್ಗಾ."

"ಅವಳಿಗೆ ಬೇಡ್ವಾ?"

ನಾಲ್ಕು ವರ್ಷಕ್ಕೇ ಜ್ವರದಲ್ಲಿ ಹೋದ ಮಗುವಿನ ವಿಷಯ ಹೇಳಲು ವಸುಧಾಗೆ ನಾಲಿಗೆ ಏಳಲಿಲ್ಲ. "ದೊಡ್ಡವಳಾದಳು. ಹನ್ನೊಂದು ಈಗ," ಎಂದುಬಿಟ್ಟಳು.

ಅಲ್ಲಿಂದ ನಿಸರ್ಗಾ ಆ ಮನೆಯಲ್ಲಿ ಬೆಳೆಯತೊಡಗಿದಳು. ರಾಡಾ ಪ್ರತಿ ವಾರ ವಿಚಾರಿಸುತ್ತಿದ್ದಳು. ಎತ್ತರ ಎಷ್ಟಾದಳು, ಜಡೆ ಹಾಕಿಸಿಕೊಳ್ಳುತ್ತಾಳಾ. ವಸುಧಾಗೆ ಉತ್ತರಗಳು ತಡೆಯಿಲ್ಲದೆ ಬರುತ್ತಿದ್ದವು. ಹಿರಿಯ ಹೆಂಗಸರನ್ನು ತಮ್ಮಲ್ಲಿ ಬೀಬಿ ಅನ್ನುತ್ತಾರೆ, ನೀನೂ ಹಾಗೇ ಅನ್ನು ಎಂದಳು ರಾಡಾ. ಮಿರೆಲಾ ಮಾತ್ರ ಏನೂ ಕೇಳುತ್ತಿರಲಿಲ್ಲ. ಬುಗುರಿ ತಿರುಗಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು.

ರಾಡಾಗೆ ಹೇಳಿದ್ದನ್ನೆಲ್ಲ ವಸುಧಾ ಮನೆಗೆ ಬಂದು ಗಂಡನಿಗೂ ಹೇಳುತ್ತಿದ್ದಳು. ಒಂದು ಸಂಜೆ ಅನ್ನ ಬಡಿಸುವಾಗ ತಿರುಮಲೇಶ ತಲೆಯೆತ್ತದೆ ಕೇಳಿದ. "ಇವತ್ತು ಎಷ್ಟನೇ ಗ್ರೇಡು ಅಂದೆ?"

"ಆರನೇದು."

"ಮ್ಯಾತ್ಸಲ್ಲಿ ಹೆಂಗಂತೆ?"

"ಸುಮಾರು. ನಿಮ್ಮ ಹಾಗೇ."

ಇಬ್ಬರೂ ನಕ್ಕರು. ಆಮೇಲೆ ಟೇಬಲ್ಲಿನ ಮೂರನೆಯ ಕುರ್ಚಿಯ ಕಡೆ ಇಬ್ಬರೂ ನೋಡಲಿಲ್ಲ.

ಫೆಬ್ರವರಿಯಲ್ಲಿ, ಅದೇ ಮನೆಯಲ್ಲಿದ್ದ ರಾಡಾಳ ತಮ್ಮ ತೀರಿಕೊಂಡ. ವಸುಧಾ ಹೋದಾಗ ರಾಡಾ ಅವನ ಕೋಟು, ರೇಡಿಯೋ, ಷೇವಿಂಗ್ ಬ್ರಷ್ಷನ್ನು ಚೀಲಕ್ಕೆ ತುಂಬುತ್ತಿದ್ದಳು. ಅವನು ಕಾಫಿ ಕುಡಿಯುತ್ತಿದ್ದ ಕಪ್ಪು ಸಿಂಕಿನಲ್ಲಿ ಚೂರಾಗಿ ಬಿದ್ದಿತ್ತು.

"ಯಾರಿಗಾದ್ರೂ ಕೊಡಬಹುದಲ್ಲಾ, ಬೀಬಿ?"

"ಕೊಡಬಾರದು, ಮಾರಬಾರದು. ಎಲ್ಲ ರೋಮಾಗಳೂ ಹೀಗಲ್ಲ. ನಮ್ಮ ಮನೆತನದಲ್ಲಿ ಸುಡ್ತೀವಿ. ಸತ್ತವರ ಸಾಮಾನು ಇದ್ರೆ ಅವರು ಹೋಗಲ್ಲ, ಕೇಳ್ಕೊಂಡು ಬರ್ತಾರೆ. ಅದೂ ಮಕ್ಕಳಿರೋ ಮನೆ."

ಒಳಗಿನಿಂದ ಬುಗುರಿ ನೆಲದ ಮೇಲೆ ತಿರುಗುವ ಸದ್ದು ಬಂತು.

ಹೇಳಿದರೆ ಮಿರೆಲಾಗೆ ಸೌಟೇ ಗತಿ. ಹನ್ನೊಂದು ವರ್ಷದ ನಿಸರ್ಗಾ ಅಲ್ಲೇ ನಿಂತುಹೋಗುತ್ತಾಳೆ. ಹೇಳದಿದ್ದರೆ, ಈ ಮುದುಕಿ ಯಾವುದಕ್ಕೆ ಹೆದರಿದ್ದಾಳೋ ಅದನ್ನು ಅವಳ ಮೊಮ್ಮಗಳ ಕೈಗೆ ತಾನೇ ಇಟ್ಟಂತೆ. ವಸುಧಾ ಬ್ಯಾಗು ಕೆಳಗಿಟ್ಟಳು. ಹೇಳಿದಳು.

ರಾಡಾ ಬಯ್ಯಲಿಲ್ಲ. "ಏಳು ವರ್ಷ ಇಟ್ಕೊಂಡಿದ್ಯಾ?" ಎಂದಳು. "ವಾಪಸು ಒಯ್ಯಬೇಡ. ನನ್ನ ತಮ್ಮನ ಜೊತೆ ಕಳಿಸ್ತೀನಿ. ಆಗಬಹುದಾ?"

ವಸುಧಾ ತಲೆಯಾಡಿಸಿದಳು. ಮಿರೆಲಾ ಅಳುತ್ತಾ ಆನೆಯ ಕಾಲು ಹಿಡಿದೆಳೆದಳು. ಪೆಟ್ಟಿಗೆ ಚೀಲದ ಪಕ್ಕದಲ್ಲಿ ಕಾರಿನ ಡಿಕ್ಕಿ ಸೇರಿತು.

ಅಂದು ಊಟಕ್ಕೆ ಕೂತಾಗ ತಿರುಮಲೇಶ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ಇನ್ಮೇಲೆ ಕೇಳಬೇಡಿ."

ಮೂರು ವಾರದ ನಂತರ ಫಾರಂ ಹಿಡಿದು ಹೋದಳು. ಹರಿದರೂ ಕಳೆದರೂ ಯಾರೂ ಕೇಳುವುದಿಲ್ಲ ಎಂದು ಆಫೀಸಿನಿಂದ ಸಹಿ ಹಾಕಿಸಿದ ಕಾಗದ ತಂದಿದ್ದಳು. ರಾಡಾ ಅದನ್ನು ಗೋಡೆಗೆ ಅಂಟಿಸಿ, ವ್ಯಾನಿನ ನಾಲ್ಕು ಪುಸ್ತಕ ಇಳಿಸಿಕೊಂಡಳು.

"ಆಟದ ಸಾಮಾನು, ಬೀಬಿ?"

"ಒಂದೂ ಇಲ್ಲ. ನಿನಗೇ ಗೊತ್ತಲ್ಲ." ರಾಡಾ ಕಾಫಿಗೆ ನೀರಿಡಲು ತಿರುಗಿದಳು.

ಮಿರೆಲಾ ಟೇಬಲ್ಲಿನ ಕೆಳಗಿನಿಂದ ತೆವಳಿ ಬಂದು ವಸುಧಾಳ ಮಂಡಿಯ ಬಳಿ ಮುಷ್ಟಿ ಬಿಚ್ಚಿದಳು. ಕೆಂಪು ಅರಗು, ಹಲ್ಲಿನ ಗುರುತು. ಬೆರಳನ್ನು ತುಟಿಗಿಟ್ಟುಕೊಂಡು ಪಿಸುಗುಟ್ಟಿದಳು: "ಇದು ಅವಳದ್ದು. ಕೇಳ್ಕೊಂಡು ಬರ್ತಾಳಲ್ಲ, ಆಗ ಕೊಡ್ತೀನಿ."

"ಏನಂತಾಳೆ?" ರಾಡಾ ಒಲೆಯ ಕಡೆಯಿಂದ ಕೇಳಿದಳು.

"ಏನಿಲ್ಲ, ಬೀಬಿ."

ವಸುಧಾ ಫಾರಂನಲ್ಲಿ ಆಟದ ಸಾಮಾನಿನ ಎದುರು ಸೊನ್ನೆ ಬರೆದಳು.