‘ಕಥೆ’ ಎಂದು ಕೇಳಿಸಿದ ಮಾತು

“ನಾನ್ ಕದೈಕ್ಕ ವೇಣುಂ” ಎಂದಳು ಆ ಹೆಂಗಸು. ಅವಳನ್ನು ಶ್ರೀಲಂಕಾಕ್ಕೆ ವಾಪಸ್ ಕಳಿಸಬೇಕೆಂದು ವಿಚಾರಣೆಗೆ ಬಂದಿದ್ದ ಪೊಲೀಸ್ ಪೇದೆ ನನ್ನ ಕಡೆ ತಿರುಗಿ ನಕ್ಕ. “ನೋಡಿ ಮೇಡಂ, ಕಥೆ ಕಟ್ತೀನಿ ಅಂತ ಅವಳೇ ಒಪ್ಕೊಂಡ್ಳು.”

ಎಂಬತ್ತರ ದಶಕದ ನಡುವಿನ ಮಾತು. ಆರ್.ಟಿ. ನಗರದ ನಮ್ಮ ಮನೆಯ ಹಿಂದಿನ ಕೋಣೆಗೆ ಅವಳು ಬಾಡಿಗೆಗೆ ಬಂದು ವಾರವಾಗಿತ್ತಷ್ಟೆ. ಸಿಲೋನಿನ ಗಲಭೆಗೆ ಹೆದರಿ ದೋಣಿ ಹತ್ತಿ ಬಂದವಳು ಎಂದು ಬ್ರೋಕರ್ ಹೇಳಿದ್ದ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ಹಗಲೆಲ್ಲ ಕಿಟಕಿ ಮುಚ್ಚಿಕೊಂಡೇ ಇರುತ್ತಿದ್ದಳು. ಎದುರುಮನೆಯ ತಮಿಳರೇ ‘ಇವಳ ತಮಿಳು ನಮ್ಮದಲ್ಲ’ ಎಂದು ಮೂಗು ಮುರಿದಿದ್ದರು. ಕದೈ ಎಂದರೆ ಕಥೆ ಎಂಬಷ್ಟು ತಮಿಳು ನಮ್ಮ ಬಡಾವಣೆಯಲ್ಲಿ ಎಲ್ಲರಿಗೂ ಬರುತ್ತಿತ್ತು.

ಅವಳು ಅದನ್ನೇ ಮತ್ತೆ ಹೇಳಿದಳು. ಈ ಸಲ ಬೆರಳಿನಿಂದ ತನ್ನ ತುಟಿ ಮುಟ್ಟಿ, ಆಮೇಲೆ ಪೇದೆಯ ಕಿವಿಯತ್ತ ತೋರಿಸಿದಳು. ಆಗ ನನಗೆ ಹೊಳೆಯಿತು. ಅವಳ ಊರಿನ ತಮಿಳಿನಲ್ಲಿ ಅದು ಮಾತಾಡುವುದಕ್ಕೆ ಇರುವ ಪದ. ‘ಕಳಿಸುವ ಮುಂಚೆ ನನ್ನ ಮಾತು ಕೇಳಿ’ ಎನ್ನುತ್ತಿದ್ದಳು.

“ಅವಳು ಮಾತಾಡ್ಬೇಕಂತೆ ಕಣ್ರೀ. ಅವಳ ತಮಿಳು ಗೊತ್ತಿರೋರನ್ನ ಮೊದ್ಲು ಕರೆಸಿ” ಎಂದೆ.

ಪೇದೆಯ ನಗು ನಿಂತಿತು. ಅವಳನ್ನು ಬಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ನಿಮ್ಗೂ ಇವಳಿಗೂ ಏನ್ ಸಂಬಂಧ?”

ಇದ್ದದ್ದು ಬಾಡಿಗೆಯ ಸಂಬಂಧ ಮಾತ್ರ. ಅಚ್ಚ ಕನ್ನಡದಲ್ಲೇ ಹೇಳಿದೆ. ಅದೂ ಅವನಿಗೆ ಕಥೆಯಾಗಿಯೇ ಕೇಳಿಸಿತು. ಮರುದಿನ ಠಾಣೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ನಾನೂ ಕೂತಿದ್ದೆ. ಈಗ ನಾನೂ ‘ಕದೈಕ್ಕ ವೇಣುಂ’ ಅನ್ನಬೇಕಾಗಿತ್ತು.