ರುಚಿ ನೋಡದೆ ಬೆರೆಸುವ ಹೆಟ್ಟಿ

ಪ್ಲಿಮತ್ ಬಂದರಿನ ಮೇಲೆ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನೆಲಮಾಳಿಗೆಯ ಅಡುಗೆಮನೆಯಲ್ಲಿ ಹೆಟ್ಟಿ ಪೆನ್‌ಹೇಲ್ ನಿಂಬೆಹಣ್ಣುಗಳನ್ನು ಮೇಜಿಗೆ ಒತ್ತಿ ಅಂಗೈಯಲ್ಲಿ ಉರುಳಿಸುತ್ತಿದ್ದಾರೆ. ಹೀಗೆ ಉರುಳಿಸಿದರೆ ಹಣ್ಣು ಮೆತ್ತಗಾಗಿ ರಸ ಚೆನ್ನಾಗಿ ಬಿಡುತ್ತದೆ. ಕೊಯ್ದು, ಹಿಂಡಿ, ಬೀಜ ಸೋಸಿ, ಒಂದು ಚಮಚ ರಸವನ್ನು ನಾಲಿಗೆಗೆ ಬಿಟ್ಟುಕೊಂಡು ಕಣ್ಣು ಮುಚ್ಚುತ್ತಾರೆ. ನಾವಾದರೆ ಮುಖ ಕಿವುಚುತ್ತಿದ್ದೆವು.

"ಈ ಸಲದ್ದು ಸಿಡುಕು ಹಣ್ಣು. ಸಕ್ಕರೆ ಪಾಕ ಒಂಚೂರು ಜಾಸ್ತಿ ಬೇಕು, ಇಲ್ಲಾಂದ್ರೆ ಜನ ಕುಡಿಯೋದ್ ಬಿಟ್ಟು ಜಗಳಕ್ ನಿಲ್ತಾರೆ," ಎನ್ನುತ್ತಾರೆ ಐವತ್ತೆಂಟರ ಹೆಟ್ಟಿ.

ಈ ಊರಿನಲ್ಲಿ ಯಾರ ಮನೆಯಲ್ಲಾದರೂ ಹುಟ್ಟುಹಬ್ಬ, ಮದುವೆ, ಕಡೆಗೆ ಸಾವಿನ ಊಟವಿದ್ದರೂ ಹೆಟ್ಟಿಗೆ ಕರೆ ಹೋಗುತ್ತದೆ. ಮನೆಯವರು ಜಿನ್, ರಮ್ ತಂದಿಟ್ಟಿರುತ್ತಾರೆ. ಇವರು ರಸ, ಪಾಕ, ತಗಡಿನ ಡಬ್ಬಿ ಹೊತ್ತು ಹೋಗುತ್ತಾರೆ. ಜಿನ್‌ಗೆ ನಿಂಬೆ, ರಮ್‌ಗೆ ಲೈಮ್ ಎಂಬ ಹಸಿರು ನಿಂಬೆ, ಮೇಲೆ ಪಾಕ, ಡಬ್ಬಿ ತುಂಬ ಐಸು. ಹೊರಮೈಗೆ ಮಂಜು ಕಟ್ಟಿ ಬೆರಳು ಅಂಟುವ ತನಕ ಕುಲುಕಬೇಕು. ಒಂದು ಸಂಜೆಗೆ ಎಂಬತ್ತು ಗ್ಲಾಸಾದರೂ ಇಳಿಯುತ್ತವೆ. ಮರುದಿನ ಭುಜ ಎತ್ತಲು ಬರುವುದಿಲ್ಲ, ಬೆರಳ ಸಂದಿಯ ಬಿರುಕಿಗೆ ಹುಳಿ ತಾಗಿ ಉರಿಯುತ್ತದೆ.

ಈ ಕಸುಬಿನವರೆಲ್ಲ ಗ್ಲಾಸಿಗೆ ಸುರಿಯುವ ಮುನ್ನ ಸ್ಟ್ರಾ ಕೊಳವೆಯ ತುದಿಯಲ್ಲಿ ಒಂದು ಹನಿ ಎತ್ತಿ ರುಚಿ ನೋಡುತ್ತಾರೆ. ಹೆಟ್ಟಿ ನೋಡುವುದಿಲ್ಲ. ನಾಲ್ಕು ವರ್ಷಗಳಿಂದ ಮದ್ಯದ ಹನಿಯೂ ಅವರ ನಾಲಿಗೆ ಮುಟ್ಟಿಲ್ಲ. ಅದಕ್ಕೇ ಬೆಳಿಗ್ಗೆಯೇ ಬರೀ ರಸದ ರುಚಿ ನೋಡಿ, ಆ ಹುಳಿಗೆ ತಕ್ಕ ಪಾಕವನ್ನು ಇಲ್ಲೇ ನಿರ್ಧರಿಸಿಕೊಂಡು ಹೊರಡುತ್ತಾರೆ. ಅಲ್ಲಿ ಹೋದಮೇಲೆ ಅಳತೆಯೇ ದೇವರು.

ಹೋದ ತಿಂಗಳು ನಿವೃತ್ತ ನೌಕಾಧಿಕಾರಿಯೊಬ್ಬರು ಗ್ಲಾಸನ್ನು ಹಿಂದಕ್ಕೆ ತಳ್ಳಿ, "ಹುಳಿ ಹೆಚ್ಚಾಗಿದೆ ಕಣಮ್ಮ, ನೀನೇ ಒಂದು ಗುಟುಕು ಕುಡಿದು ನೋಡು," ಎಂದರಂತೆ.

"ನಾನ್ ನೋಡಕ್ ಶುರು ಮಾಡಿದ್ರೆ ನಿಮಗ್ ಉಳಿಯಲ್ಲ ಸಾರ್, ಅಂದೆ. ಎಲ್ರೂ ಬಿದ್ದೂ ಬಿದ್ದೂ ನಕ್ರು. ನಾನೂ ನಕ್ಕೆ. ಅಡುಗೆಮನೇಗ್ ಹೋಗಿ ನಲ್ಲಿ ಹಿಡ್ಕೊಂಡು ನಿಂತಿದ್ದೆ."

ಕುಡಿತ ಅವರಿಗೆ ತಾಯಿಯಿಂದ ಬಂದದ್ದು. ತಾಯಿ ಬಂದರಿನ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದು, ದುಡಿದದ್ದನ್ನೆಲ್ಲ ಕುಡಿದು ಸತ್ತವರು. ಹೆಟ್ಟಿ ಹದಿನೇಳಕ್ಕೇ ಅಧಿಕಾರಿಗಳ ಕ್ಲಬ್ಬಿನಲ್ಲಿ ಗ್ಲಾಸು ತೊಳೆಯಲು ಸೇರಿ, ಬೆರೆಸುವುದನ್ನೂ ಕುಡಿಯುವುದನ್ನೂ ಒಟ್ಟಿಗೇ ಕಲಿತರು. ಗಂಡ ಬಿಟ್ಟು ಹೋದ. ಮಗಳು ಟ್ಯಾಮ್ಸಿನ್ ತಾಯಿಯನ್ನು ಮೆಟ್ಟಿಲ ಮೇಲಿಂದ ಎತ್ತಿ ಮಲಗಿಸುತ್ತ ಬೆಳೆದಳು.

"ಅವಳ ಮದುವೆ ದಿನ ಕೇಕಿನ ಮೇಜಿನ್ ಮೇಲೇ ಬಿದ್ದೆ," ಎನ್ನುತ್ತಾರೆ ಹೆಟ್ಟಿ, ಹಣ್ಣು ಕೊಯ್ಯುವುದನ್ನು ನಿಲ್ಲಿಸದೆ. "ಬಿಳೀ ಉಡುಪಲ್ಲಿ ನನ್ ಮಗಳು ಮಂಡಿಯೂರಿ ನನ್ ಮುಖ ಒರೆಸಿದ್ಲು. ಒಂದ್ ಮಾತು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು."

ಅಂದೇ ಕುಡಿತ ಬಿಟ್ಟರು. ಕಸುಬು ಬಿಡಲಾಗಲಿಲ್ಲ. ಮೀನು ಕೊಯ್ಯುವ ಕಡೆ ಹೋದರು, ಆಸ್ಪತ್ರೆಯ ನೆಲ ಒರೆಸಿದರು. ಎಲ್ಲೂ ಚಳಿಗಾಲ ದಾಟಲಿಲ್ಲ. ಮನೆಯಲ್ಲಿ ಮದ್ಯದ ಒಂದು ಬಾಟಲಿಯಿಲ್ಲ, ಆದರೆ ಕೋಟಿನ ತೋಳಿಗೆ ಜಿನ್ನಿನ ವಾಸನೆ ಅಂಟಿಕೊಂಡೇ ಇರುತ್ತದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದವರ ಪಾಡು. ಟ್ಯಾಮ್ಸಿನ್‌ಗೆ ಈಗ ಐದು ತಿಂಗಳ ಮಗಳಿದ್ದಾಳೆ, ಹೆಸರು ಎಲೋವೆನ್. ಅಜ್ಜಿ ಮೊಮ್ಮಗಳನ್ನು ಇನ್ನೂ ಎತ್ತಿಕೊಂಡಿಲ್ಲ. ಮಗಳನ್ನು ಕಲ್ಲುಮನಸ್ಸಿನವಳು ಎನ್ನಲೂ ಬಾಯಿ ಬರುವುದಿಲ್ಲ. ಎಷ್ಟು ಸಲ ನಂಬಿ ಕೆಟ್ಟಳೋ, ಅವಳಿಗೇ ಗೊತ್ತು.

ಇಂದು ಭಾನುವಾರ, ಆ ಮಗುವಿನ ನಾಮಕರಣ, ಚರ್ಚಿನಲ್ಲಿ ತಲೆಗೆ ನೀರು ಹಾಕಿಸುವ ದಿನ. ಹೆಟ್ಟಿಗೆ ಚರ್ಚಿಗೂ ಕರೆಯಿಲ್ಲ, ಊಟಕ್ಕೂ ಇಲ್ಲ. ಆದರೂ ಈ ಹಣ್ಣುಗಳೆಲ್ಲ ಅಲ್ಲಿಗೇ. ಅಳಿಯ ಜಾಗೋ ದೋಣಿಗಳ ಇಂಜಿನ್ ರಿಪೇರಿ ಮಾಡುವ ಸಾಧು ಹುಡುಗ. ಅತ್ತೆ ಅಂಗಲಾಚಿದ್ದಕ್ಕೆ, ಹೆಂಡತಿಗೆ ಹೇಳದೆ ಒಪ್ಪಿಕೊಂಡಿದ್ದಾನೆ. ಎಂಟು ಗಂಟೆಗೆ ಕಾರು ತಂದು ನಿಲ್ಲಿಸುತ್ತಾನೆ.

"ಇದು ರಸ, ಇದು ಪಾಕ. ಎರಡ್ ಪಾಲು ಜಿನ್‌ಗೆ ಇವು ಒಂದೊಂದ್ ಪಾಲು. ಐಸು ಕೊನೇಗ್ ಹಾಕು, ಮೊದಲೇ ಹಾಕಿ ನೀರು ಮಾಡ್ಬೇಡ. ಸಾಯಂಕಾಲದೊಳಗೆ ಮುಗಿಸ್ಬೇಕು, ಆಮೇಲ್ ರಸ ಕೆಡುತ್ತೆ. ನಾನ್ ಕೊಟ್ಟಿದ್ದು ಅಂತ ಹೇಳ್ಬೇಡ."

"ಹೇಳಲ್ಲ ಬಿಡಿ ಅತ್ತೆ."

ಇಡೀ ದಿನ ಹೆಟ್ಟಿ ಏನೂ ತಿನ್ನುವುದಿಲ್ಲ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ. ಈಗ ಸುರಿಯುತ್ತಿರಬಹುದು, ಈಗ ಯಾರೋ ಚೆನ್ನಾಗಿದೆ ಅಂದಿರಬಹುದು ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಐದು ಗಂಟೆಗೆ ಜಾಗೋ ಬರುತ್ತಾನೆ. ಎರಡೂ ಕೈಯಲ್ಲಿ ಬೆಳಗಿನ ರಸ, ಪಾಕದ ಬಾಟಲಿಗಳು. ಕೊಟ್ಟದ್ದು ಕೊಟ್ಟ ಹಾಗೇ ಇವೆ.

"ಅವಳು ನೋಡ್ತಿದ್ದ ಹಾಗೇ ಗುರುತು ಹಿಡಿದ್ಲು ಅತ್ತೆ. ಕಾರಲ್ಲೇ ಇರ್ಲಿ ಅಂದ್ಲು. ಬಿಸಿಲಲ್ಲೇ ಇತ್ತು, ಪಾಪ… ನಾನೇನ್ ಮಾಡ್ಲಿ."

"ನೀನೇನ್ ಮಾಡ್ತೀಯಪ್ಪ. ಕೊಡಿಲ್ಲಿ."

ಹೆಟ್ಟಿ ಮುಚ್ಚಳ ತೆಗೆದು ಮೂಸುತ್ತಾರೆ. ರಸ ಕೆಟ್ಟಿದೆ. ಒಂದೊಂದೇ ಬಾಟಲಿಯನ್ನು ತೊಟ್ಟಿಗೆ ಬಗ್ಗಿಸಿ, ಕೊನೆಯ ಹನಿ ಹೋಗುವವರೆಗೂ ಹಿಡಿದು ನಿಲ್ಲುತ್ತಾರೆ. ಅವರ ಕಣ್ಣಲ್ಲಿ ನೀರಿಲ್ಲ. ಜಾಗೋ ಹೊರಡಲು ತಿರುಗಿದಾಗ ತೋಳು ಹಿಡಿದು ನಿಲ್ಲಿಸುತ್ತಾರೆ.

"ಲೋ, ಒಂದ್ ಮಾತು ಹೇಳು. ಪಾದ್ರಿ ತಲೆ ಮೇಲೆ ನೀರು ಹಾಕ್ದಾಗ ಅತ್ಲಾ ಮಗು?"

"ಅಯ್ಯೋ, ಅತ್ಲಾ ಅಂದ್ರೆ! ಚರ್ಚಿನ ಮಾಡು ಹಾರ್‌ಹೋಗೋ ಹಾಗ್ ಕಿರುಚಿದ್ಲು."

ಆ ಮುಖದಲ್ಲಿ ಅವತ್ತಿನ ಮೊದಲ ನಗು ಕಾಣುತ್ತದೆ. ಜಾಗೋ ಹೋದಮೇಲೆ, ಅದರಲ್ಲಿ ಸಂತೋಷಪಡುವಂಥದ್ದೇನು ಎಂದು ಕೇಳಿದರೆ ಖಾಲಿ ಬಾಟಲಿಗಳನ್ನು ತೊಳೆಯುತ್ತಲೇ ಹೇಳುತ್ತಾರೆ:

"ಜೋರಾಗ್ ಅತ್ರೆ ಒಳಗಿರೋ ಸೈತಾನ ಹೊರಟುಹೋಯ್ತು ಅಂತ ಲೆಕ್ಕ. ಅದಕ್ಕಿನ್ನು ನಮ್ ಕಾಟ ತಟ್ಟಲ್ಲ, ಬದುಕ್ಕೊಳ್ಳುತ್ತೆ. ನನ್ ನಾಮಕರಣದಲ್ಲಿ ನಾನು ಕಮಕ್ ಕಿಮಕ್ ಅನ್ಲಿಲ್ವಂತೆ. ಎಷ್ಟು ಒಳ್ಳೇ ಮಗು ಅಂತ ನಮ್ಮಮ್ಮ ಬೀದಿಯೆಲ್ಲ ಹೇಳ್ಕೊಂಡ್ ಬಂದಿದ್ಲು."